ಲಕ್ವದಲ್ಲಿ ಕಳೆದುಹೋಗುವ ಮಾತಿನ ಧಾಟಿ

ಮಾನ್ಯ ಸಂಪಾದಕರೇ,

ಪಾರ್ಶ್ವವಾಯುವಿನ ಲಕ್ಷಣಗಳನ್ನು ಕುರಿತು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಲೇಖನ ಉಪಯುಕ್ತವಾಗಿತ್ತು. ಬಾಯಿ ಸೊಟ್ಟಗಾಗುವುದು, ಕೈ ಮೇಲೆತ್ತಲಾಗದಿರುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬ ತಿಳಿವಳಿಕೆ ಹಳ್ಳಿಹಳ್ಳಿಗೂ ತಲುಪಬೇಕಾದದ್ದೇ. ಆದರೆ ಆ ಲೇಖನದಲ್ಲಿಯೂ ಆಸ್ಪತ್ರೆಯ ಗೋಡೆಗಳ ಮೇಲೆ ಕಾಣುವ ಫಲಕಗಳಲ್ಲಿಯೂ ಮಾತು ಎಂದರೆ ಪದಗಳು ಎಂದಷ್ಟೇ ಎಣಿಸಿದಂತಿದೆ. ಪದಗಳೆಲ್ಲ ನೆಟ್ಟಗಿದ್ದು ಅವುಗಳ ಧಾಟಿ ಮಾತ್ರ ಅಳಿಸಿಹೋಗುವ ಲಕ್ವವೂ ಉಂಟು. ಅದನ್ನು ರೋಗಿಯ ಮನೆಯವರಿಗೆ ಹೇಳುವವರು ಬಹಳ ಕಡಿಮೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

'ಬಾರಪ್ಪ, ಈಗ ಬಂದೆಯಾ' ಎಂಬುದು ಅಕ್ಕರೆಯ ಕರೆಯೋ, ತಡವಾಗಿ ಬಂದವನಿಗೆ ಕೊಟ್ಟ ಚುಚ್ಚೋ ಎಂಬುದನ್ನು ತೀರ್ಮಾನಿಸುವುದು ದನಿಯ ಏರಿಳಿತವೇ. ಗಂಡಸರ ಗಂಟಲಿನ ಧ್ವನಿತಂತುಗಳು ಮಾತಾಡುವಾಗ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸರವು ಸುಮಾರು 200 ಬಾರಿ ಕಂಪಿಸುತ್ತವೆ. ಆದರೆ ಧಾಟಿಯನ್ನು ಗುರುತಿಸುವಾಗ ಮೆದುಳಿಗೆ ಮುಖ್ಯವಾಗುವುದು ಈ ಲೆಕ್ಕವಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನರಶಸ್ತ್ರಚಿಕಿತ್ಸಕ ಎಡ್ವರ್ಡ್ ಚಾಂಗ್ ಅವರ ತಂಡ, ಮೂರ್ಛೆರೋಗದ ಚಿಕಿತ್ಸೆಗಾಗಿ ಮೆದುಳಿನ ಮೇಲೆ ವಿದ್ಯುದ್ವಾರಗಳನ್ನು ಇರಿಸಿಕೊಂಡಿದ್ದ ರೋಗಿಗಳಿಗೆ ಒಂದೇ ವಾಕ್ಯವನ್ನು ಬೇರೆ ಬೇರೆಯವರ ಕಂಠದಲ್ಲಿ, ನಾಲ್ಕು ಬೇರೆ ಬೇರೆ ಧಾಟಿಗಳಲ್ಲಿ ಕೇಳಿಸಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕಿವಿಯ ಮೇಲ್ಭಾಗಕ್ಕೆ ಹತ್ತಿರವಿರುವ ಮೆದುಳಿನ ಮಡಿಕೆಯೊಂದರಲ್ಲಿ ಕೆಲವು ತಾಣಗಳು ವಾಕ್ಯದ ಅಕ್ಷರಧ್ವನಿಗಳಿಗೆ, ಕೆಲವು ಮಾತಾಡಿದವರು ಯಾರು ಎಂಬುದಕ್ಕೆ, ಇನ್ನು ಕೆಲವು ಏರಿಳಿತಕ್ಕೆ ಮಾತ್ರ ಸ್ಪಂದಿಸಿದವು. ಈ ಕೊನೆಯ ತಾಣಗಳು ಅಳೆಯುತ್ತಿದ್ದದ್ದು ಮಾತಾಡುವವರ ದನಿ ಅವರದೇ ಸಾಮಾನ್ಯ ಮಟ್ಟಕ್ಕಿಂತ ಎಷ್ಟು ಮೇಲೇರಿತು, ಎಷ್ಟು ಕೆಳಗಿಳಿಯಿತು ಎಂಬುದನ್ನು. ಮೊಮ್ಮಗುವಿನ ಕೀಚಲು ಕಂಠದ ಹಠವನ್ನೂ ಅಜ್ಜನ ಗೊಗ್ಗರು ಕಂಠದ ಸಿಡುಕನ್ನೂ ನಾವು ಒಂದೇ ಕಿವಿಯಲ್ಲಿ ಗುರುತಿಸಬಲ್ಲೆವೆಂದರೆ ಇಂಥ ಸಾಪೇಕ್ಷ ಅಳತೆ ಬೇಕೇ ಬೇಕು.

1861ರಲ್ಲಿ ಫ್ರಾನ್ಸಿನ ಪಾಲ್ ಬ್ರೋಕಾ ಮಾತಿನ ನಷ್ಟವನ್ನು ಎಡ ಮೆದುಳಿನ ಗಾಯಕ್ಕೆ ಹೊಂದಿಸಿ ತೋರಿಸಿದಂದಿನಿಂದ, ಭಾಷೆ ಎಂದರೆ ಎಡ ಮೆದುಳು ಎಂಬ ತಿಳಿವಳಿಕೆ ಬೇರೂರಿದೆ. ಬಲ ಮೆದುಳಿನ ಪಾಲು ಗಮನಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1979ರಲ್ಲಿ ಎಲಿಯಟ್ ರಾಸ್ ಮತ್ತು ಮಾರ್ಸೆಲ್ ಮೆಸುಲಮ್ ಎಂಬ ವೈದ್ಯರು ವರ್ಣಿಸಿದ ರೋಗಿಗಳಲ್ಲಿ ಒಬ್ಬ ಶಾಲಾ ಶಿಕ್ಷಕಿಯಿದ್ದರು. ಬಲ ಮೆದುಳಿನ ಪಾರ್ಶ್ವವಾಯುವಿನ ನಂತರ ಅವರಿಗೆ ಪದಗಳ ಕೊರತೆ ಇರಲಿಲ್ಲ, ಆದರೆ ದನಿಯಲ್ಲಿ ಗದರಿಕೆಯೇ ಹುಟ್ಟದ ಕಾರಣ ತರಗತಿಯನ್ನು ಹತೋಟಿಯಲ್ಲಿಡಲು ಕಷ್ಟವಾಯಿತು. ತಮಗೆ ನಿಜಕ್ಕೂ ಸಿಟ್ಟು ಬಂದಿದೆ ಎಂಬುದನ್ನು ಅವರು ಮಾತಿನ ಕೊನೆಯಲ್ಲಿ ಪದಗಳಲ್ಲೇ ಸೇರಿಸಿ ಹೇಳಬೇಕಾಯಿತು. ನಾನೂ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನಾದ್ದರಿಂದ ಆ ಕಷ್ಟ ಎಂಥದ್ದೆಂದು ಊಹಿಸಬಲ್ಲೆ. ಧಾಟಿ ಪೂರ್ತಿಯಾಗಿ ಬಲ ಮೆದುಳಿನ ಸ್ವತ್ತು ಎಂದು ಹೇಳುವುದು ಸರಿಯಲ್ಲ. ಎಡಭಾಗವೂ ಮೆದುಳಿನ ಆಳದ ಕೆಲವು ಕೇಂದ್ರಗಳೂ ಅದರಲ್ಲಿ ಕೈಜೋಡಿಸುತ್ತವೆ, ಪಾರ್ಕಿನ್ಸನ್ ಕಾಯಿಲೆಯವರ ದನಿ ಏಕತಾನವಾಗುವುದು ಇದಕ್ಕೆ ಸಾಕ್ಷಿ. ಆದರೂ ದನಿಯಲ್ಲಿ ಭಾವವನ್ನು ಹೊಮ್ಮಿಸುವುದಕ್ಕೂ ಗ್ರಹಿಸುವುದಕ್ಕೂ ಹೆಚ್ಚಿನ ಪೆಟ್ಟು ಬೀಳುವುದು ಬಲ ಮೆದುಳು ಗಾಯಗೊಂಡಾಗ.

ನಮ್ಮ ದೊಡ್ಡಪ್ಪನವರು ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಬಲ ಮೆದುಳಿಗೆ ಲಕ್ವ ಹೊಡೆದು ಸೋತಿದ್ದ ಎಡಗೈ ನಿಧಾನವಾಗಿ ಸುಧಾರಿಸಿತು, ಮಾತು ಸರಿಯಿದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟು ಮನೆಗೆ ಕಳಿಸಿದರು. ಮೊಮ್ಮಗಳಿಗೆ ಕೆಲಸ ಸಿಕ್ಕಿತೆಂದು ಹೇಳಿದಾಗ 'ಬಹಳ ಸಂತೋಷ ಆಯ್ತಮ್ಮ' ಎಂದರು, ಕರೆಂಟ್ ಬಿಲ್ಲಿನ ಮೊತ್ತ ಓದಿ ಹೇಳಿದ ಹಾಗೆ. ಮನೆಯವರು ತಮಾಷೆಗೆ ಆಡಿದ್ದನ್ನು ನಿಜವೆಂದೇ ತಿಳಿದು ಅಲ್ಲಿಂದ ಎದ್ದು ಹೋಗುತ್ತಿದ್ದರು. ಗಂಡನಿಗೆ ತನ್ನ ಮೇಲೆ ತಾತ್ಸಾರ ಬಂದಿದೆ ಎಂದು ದೊಡ್ಡಮ್ಮ ಕೊರಗಿದರೆ, ಖಿನ್ನತೆ ಇರಬೇಕೆಂದು ವೈದ್ಯರೊಬ್ಬರು ಮಾತ್ರೆ ಬರೆದರು. ಇದು ದೊಡ್ಡ ಅಪಾಯ. ದನಿ ಬತ್ತಿದ್ದೆಲ್ಲ ಖಿನ್ನತೆಯಲ್ಲ. ಹಾಗೆಯೇ ಖಿನ್ನತೆಯಿಂದ ಒಳಗೇ ನರಳುವ ಇಂಥ ರೋಗಿ ಅದನ್ನು ದನಿಯಲ್ಲಿ ತೋರಿಸಲಾರದೆ ವೈದ್ಯರ ಕಣ್ಣು ತಪ್ಪಿಸಿಕೊಳ್ಳಲೂಬಹುದು. ಕೊನೆಗೆ ಬೆಂಗಳೂರಿನ ವಾಕ್ ಚಿಕಿತ್ಸಕರೊಬ್ಬರು ಕೂರಿಸಿಕೊಂಡು ವಿವರಿಸಿದ ಮೇಲೆಯೇ ಮನೆಯವರಿಗೆ ವಿಷಯ ಅರ್ಥವಾದದ್ದು.

ವೈದ್ಯರ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ, ಏಕೆಂದರೆ ಅವರ ಕೈಗೆ ಕೊಟ್ಟಿರುವ ಅಳತೆಗೋಲೇ ಹಾಗಿದೆ. ಪಾರ್ಶ್ವವಾಯುವಿನ ತೀವ್ರತೆಯನ್ನು ಅಳೆಯಲು ಜಗತ್ತಿನೆಲ್ಲೆಡೆ ಬಳಸುವ ಅಮೆರಿಕದ ಮಾಪಕದಲ್ಲಿ ಒಟ್ಟು 42 ಅಂಕಗಳಿದ್ದು, ಅವುಗಳಲ್ಲಿ 7 ನೇರವಾಗಿ ಭಾಷಾಸಾಮರ್ಥ್ಯಕ್ಕೆ ಸಂಬಂಧಿಸಿದವು. ಬಲ ಮೆದುಳಿನ ಪೆಟ್ಟಿನಲ್ಲಿ ಹೆಚ್ಚಾಗಿ ಕಾಣುವ, ಎಡಭಾಗದ ಜಗತ್ತಿನ ಕಡೆಗೆ ಗಮನವೇ ಹೋಗದ ಸ್ಥಿತಿಗೆ 2 ಅಂಕಗಳಿವೆ. ಧಾಟಿಗೆ ಒಂದು ಅಂಕವೂ ಇಲ್ಲ.

ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ರಾಜ್ಯದ ಮೆದುಳು ಆರೋಗ್ಯ ಯೋಜನೆಗೆ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ನೆರೆಯ ಚಿಕ್ಕಬಳ್ಳಾಪುರವೂ ಇದ್ದವು. ಹೀಗಿರುವಾಗ ಒಂದು ಸಣ್ಣ ಪರೀಕ್ಷೆಯನ್ನೂ ಇಲ್ಲಿಂದಲೇ ರೂಢಿಗೆ ತರಬಹುದು. ರೋಗಿಯನ್ನು ಮನೆಗೆ ಕಳಿಸುವ ಮುನ್ನ 'ಊಟ ಆಯ್ತು' ಎಂಬುದನ್ನು ಪ್ರಶ್ನೆಯಾಗಿ, ಉತ್ತರವಾಗಿ, ಸಿಟ್ಟಿನಿಂದ, ನಲಿವಿನಿಂದ ಹೇಳಿಸಬೇಕು; ಬಳಿಕ ವೈದ್ಯರು ಮುಖ ಮರೆಮಾಡಿಕೊಂಡು ತಾವೇ ಹಾಗೆ ಹೇಳಿ ಯಾವುದು ಯಾವುದೆಂದು ರೋಗಿಯನ್ನು ಕೇಳಬೇಕು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ತೊಂದರೆ ಕಂಡವರನ್ನು ವಾಕ್ ಚಿಕಿತ್ಸಕರ ಬಳಿಗೆ ಕಳಿಸಿದರೆ ಧಾಟಿಯನ್ನು ಅನುಕರಿಸುವ ಅಭ್ಯಾಸಗಳಿಂದ ಕೆಲವರಿಗಾದರೂ ಅನುಕೂಲವಾದೀತು. ಮನೆಯವರು ತಮ್ಮ ಕೋಪ, ತಮಾಷೆಗಳನ್ನು ಪದಗಳಲ್ಲೇ ಬಿಡಿಸಿ ಹೇಳುವುದನ್ನೂ, ರೋಗಿಗೆ ಏನನ್ನಿಸುತ್ತಿದೆ ಎಂದು ಬಾಯಿಬಿಟ್ಟು ಕೇಳುವುದನ್ನೂ ಕಲಿತರೆ ಬಹಳಷ್ಟು ಮನಸ್ತಾಪ ತಪ್ಪುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರಿಂದ ಈ ಬಗ್ಗೆ ಒಂದು ಲೇಖನ ಬರೆಸಿ, ವಿಶ್ವ ಪಾರ್ಶ್ವವಾಯು ದಿನವಾದ ಅಕ್ಟೋಬರ್ 29ರ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ತಮ್ಮನ್ನು ಕೋರುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಶ್ರೀನಿವಾಸಪುರ, ಕೋಲಾರ ಜಿಲ್ಲೆ