ಬಣ್ಣ ಬಳಿದ ಸಿದ್ಧ ಕಟ್ಟಡಗಳನ್ನು ನಿಲ್ಲಿಸುತ್ತಿದ್ದೇವೆ: ನಮ್ಮ ಮಾದರಿ ರೈಲು ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕ ಮಿತ್ರರೇ,

ನಮಸ್ಕಾರ. ಈ ದೀಪಾವಳಿ ಕಳೆದ ಮೇಲೆ ನಮ್ಮಲ್ಲಿ ಹೆಂಚು ಹೊದಿಸಿ, ಬಣ್ಣ ಬಳಿದು, ಪೂರ್ತಿ ಸಿದ್ಧವಾದ ಪುಟ್ಟ ಮಾದರಿ ಕಟ್ಟಡಗಳು ಸಿಗುವುದಿಲ್ಲ. ಸ್ಟೇಷನ್, ಗ್ಯಾಂಗ್‌ಮನ್ ಮನೆ, ಸಿಗ್ನಲ್ ಕ್ಯಾಬಿನ್, ಗೂಡ್ಸ್ ಶೆಡ್, ಸುರಂಗದ ಬಾಯಿ ಎಲ್ಲವೂ ಇನ್ನು ಕಿಟ್ ಆಗಿ ಮಾತ್ರ ಬರುತ್ತವೆ. ಕತ್ತರಿಸಿದ ಗೋಡೆಗಳು, ಹೆಂಚಿನ ಪಟ್ಟಿಗಳು, ಕಿಟಕಿ ಬಾಗಿಲು, ನಾಮಫಲಕ, ಜೋಡಿಸುವ ಕ್ರಮದ ಚಿತ್ರಗಳು ಡಬ್ಬಿಯಲ್ಲಿರುತ್ತವೆ. ಅಂಟಿಸುವುದು, ಬಣ್ಣ ಹಚ್ಚುವುದು ನಿಮ್ಮ ಕೈಯ ಕೆಲಸ. ಕಿಟ್‌ಗಳ ಬೆಲೆಯೂ ಸ್ವಲ್ಪ ಏರಿದೆ. ಹೊಸ ದರಪಟ್ಟಿ ಈ ಪತ್ರದ ಜೊತೆಗಿದೆ.

ನಿವೃತ್ತರಾದ ಅಪ್ಪನಿಗೆ ಉಡುಗೊರೆ ಕೊಡಲು, ಮಗಳ ಹುಟ್ಟುಹಬ್ಬಕ್ಕೆ ಮಾದರಿ ರೈಲಿನ ಹಳಿ ಹಾಸಿದ ಹಲಗೆಯ (ಲೇಔಟ್) ಮೇಲೆ ಇಟ್ಟು ತೋರಿಸಲು ಸಿದ್ಧ ಸ್ಟೇಷನ್ನನ್ನೇ ಕೇಳುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ನಿಮಗೆ ಬೇಸರವಾಗುತ್ತದೆಂದು ಗೊತ್ತು. ಅದಕ್ಕಾಗಿ ಮನಃಪೂರ್ವಕ ಕ್ಷಮೆ ಕೇಳುತ್ತೇವೆ. ಆದರೆ ಕಾರಣವನ್ನೂ ನೀವು ಕೇಳಬೇಕು, ಯಾಕೆಂದರೆ ನಮ್ಮ ಕೆಲಸದ ಬಗ್ಗೆ ಹರಿದಾಡುತ್ತಿರುವ ಕೆಲವು ಮಾತುಗಳು ನಮಗೆ ನೋವು ತಂದಿವೆ.

ಫೋನಿನಲ್ಲಿ, ವಾಟ್ಸಾಪಿನಲ್ಲಿ, ಪ್ರದರ್ಶನಗಳಲ್ಲಿ ನಮ್ಮ ಮೇಜಿನ ಮುಂದೆ ನಿಂತು ಜನ ಮತ್ತೆ ಮತ್ತೆ ಆಡುವ ಮಾತು ಒಂದೇ: "ಎಲ್ಲಾ ಲೇಸರ್ ಮಷೀನೇ ಕತ್ತರಿಸುತ್ತಲ್ಲ ಸಾರ್, ಐದು ನಿಮಿಷದ ಕೆಲಸ. ಅಂಗೈಯಗಲದ ಮನೆಗೆ ಇಷ್ಟು ದುಡ್ಡಾ?" ಇದಕ್ಕೆ ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆವು. ಇವತ್ತು ವಿವರವಾಗಿ ಉತ್ತರ ಕೊಡುತ್ತೇವೆ.

ಮಷೀನು ಕತ್ತರಿಸುತ್ತದೆ, ನಿಜ. ಏನನ್ನು ಕತ್ತರಿಸಬೇಕೆಂದು ಅದಕ್ಕೆ ಹೇಳುವವರು ನಾವು. ನಮ್ಮ ಮಲೆನಾಡಿನ ಸ್ಟೇಷನ್‌ಗಳ ನಕ್ಷೆಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಹಾಸನ–ಮಂಗಳೂರು ಹಾದಿ 1979ರಲ್ಲಿ ಪೂರ್ತಿಯಾದಾಗ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದೇ ಮೀಟರ್. ಆಮೇಲೆ ಹೆಚ್ಚು ಅಗಲದ ಬ್ರಾಡ್‌ಗೇಜ್ ಆಗಿ, 2007ರಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡುವ ಹೊತ್ತಿಗೆ ಘಾಟಿಯ ಸ್ಟೇಷನ್‌ಗಳ ಚಹರೆ ಬದಲಾಗಿತ್ತು. ಮೀಟರ್ ಗೇಜ್ ಕಾಲದ ಕಟ್ಟಡ ಬೇಕೆನ್ನುವವರಿಗಾಗಿ ನಾವು ಹಳೆಯ ಫೋಟೊ ಎದುರಿಗಿಟ್ಟುಕೊಂಡು ಬಾಗಿಲಿನ ಎತ್ತರವನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ. ಬಾಗಿಲು ಏಳಡಿ ಎಂದು ಹಿಡಿದರೆ ಸೂರು ಎಷ್ಟು ಎತ್ತರ, ಛಾವಣಿಯ ನೆತ್ತಿ ಎಷ್ಟು ಎತ್ತರ ಎಂದು ಲೆಕ್ಕ ಹಾಕುತ್ತೇವೆ. ಕಲ್ಲಿನ ಒಂದು ವರಸೆ ಎಷ್ಟಿದೆಯೆಂದು ಅಳೆದು, ಉಳಿದ ವರಸೆಗಳನ್ನು ಎಣಿಸುತ್ತೇವೆ. ಎರಡು ಫೋಟೊಗಳ ಲೆಕ್ಕ ತಾಳೆಯಾಗದಿದ್ದರೆ ಮೊದಲಿನಿಂದ ಶುರು. ನಾವು ಮಾಡುವ ಎಚ್‌ಓ ಅಳತೆ ಎಂದರೆ 1:87, ಅಸಲಿನ ಎಂಬತ್ತೇಳನೇ ಒಂದು ಪಾಲು. ಅಲ್ಲಿ ಏಳಡಿಯ ಬಾಗಿಲು 24.5 ಮಿಲಿಮೀಟರ್. ಎರಡು ಮಿಲಿಮೀಟರ್ ತಪ್ಪಿದರೆ ಪಕ್ಕದಲ್ಲಿ ನಿಂತ ಸ್ಟೇಷನ್ ಮಾಸ್ಟರ್ ಗೊಂಬೆ ಕುಳ್ಳಾಗಿ ಕಾಣುತ್ತದೆ.

ಕತ್ತರಿಸಿದ ಮೇಲೆ ಮಷೀನಿನ ಕೆಲಸ ಮುಗಿಯಿತೇ ಹೊರತು ನಮ್ಮದಲ್ಲ. ಲೇಸರ್ ಹೋದ ಅಂಚಿಗೆಲ್ಲ ಮಸಿ ಹಿಡಿಯುತ್ತದೆ. ಒರೆಸಿ, ಸ್ಯಾಂಡ್‌ಪೇಪರ್ ಹಿಡಿದು ತೀಡದಿದ್ದರೆ ಆ ಮಸಿ ನಾವು ಹಚ್ಚಿದ ಬಣ್ಣದ ಕೆಳಗಿನಿಂದ ಇಣುಕುತ್ತದೆ. ಪಿವಿಸಿ ಪ್ಲಾಸ್ಟಿಕ್ ಹಾಳೆಯನ್ನಂತೂ ಲೇಸರ್‌ಗೆ ಕೊಡಲೇಬಾರದು. ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಮಷೀನಿಗೂ ಶ್ವಾಸಕೋಶಕ್ಕೂ ವಿಷ. ಆದ್ದರಿಂದ ಪ್ಲಾಟ್‌ಫಾರ್ಮಿನ ಅಂಚು, ಕಟ್ಟೆ, ಮೆಟ್ಟಿಲು ಇವೆಲ್ಲ ಇಂದಿಗೂ ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ಕೈಯಿಂದಲೇ ಕೊಯ್ದದ್ದು.

ಇನ್ನು ಹೆಂಚು. ಮಂಗಳೂರು ಹೆಂಚಿನ ಉದ್ದ ಸುಮಾರು 410 ಮಿಲಿಮೀಟರ್, ಅಗಲ 235. ನಮ್ಮ ಅಳತೆಗೆ ಇಳಿಸಿದರೆ 4.7 ಮತ್ತು 2.7. ಇಪ್ಪತ್ತು ಮೀಟರ್ ಉದ್ದದ ಸ್ಟೇಷನ್, ಎರಡೂ ಬದಿಗೆ ಐದೈದು ಮೀಟರ್ ಇಳಿಜಾರು ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ ಹದಿನೈದು ಹೆಂಚಿನಂತೆ ಮೂರು ಸಾವಿರ ಹೆಂಚು. ಒಂದೊಂದನ್ನೇ ಅಂಟಿಸುವುದಿಲ್ಲ, ಸಾಲು ಸಾಲಾಗಿ ಪಟ್ಟಿ ಇಡುತ್ತೇವೆ. ಆದರೂ ಬದಿಗೆ ಹದಿನಾರು ಸಾಲು. ಸೂರಿನಿಂದ ಮೇಲಕ್ಕೆ, ಒಂದರ ಮೇಲೊಂದು ತುಸು ಹತ್ತುವಂತೆ, ಸೊಟ್ಟಗಾಗದಂತೆ. ಒಂದು ಸಾಲು ಕೂದಲೆಳೆಯಷ್ಟು ಓರೆಯಾದರೆ ನೆತ್ತಿ ತಲುಪುವ ಹೊತ್ತಿಗೆ ಇಡೀ ಮಾಡು, ಅಂದರೆ ಛಾವಣಿ, ಓರೆ.

ಬಣ್ಣದ ಕಥೆಯೇ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುರಿಯುವ ಮಳೆಯಲ್ಲಿ ಯಾವ ಹೆಂಚೂ ಕೆಂಪಾಗಿ ಉಳಿಯುವುದಿಲ್ಲ. ಮೊದಲು ಕಂದು, ಆಮೇಲೆ ಪಾಚಿ ಹಿಡಿದು ಕಪ್ಪು, ಮರದ ನೆರಳು ಬೀಳುವ ಕಡೆ ಹಸಿರು. ನಡುವೆ ಒಡೆದು ಬದಲಿಸಿದ ನಾಲ್ಕು ಹೊಸ ಹೆಂಚು ಮಾತ್ರ ಎದ್ದು ಕಾಣುತ್ತವೆ. ಗೋಡೆಗೂ ಅಷ್ಟೆ. ಮುರಕಲ್ಲು (ಜಂಬಿಟ್ಟಿಗೆ) ನೆಲದಿಂದ ಕಡಿದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ತೂತುಗಳಲ್ಲಿ ನೀರು ನಿಂತು ಕಪ್ಪಾಗುತ್ತದೆ. ಗಾರೆ ಉದುರಿದ ಕಡೆ ಕೆಂಪು, ಉಳಿದಲ್ಲಿ ಸುಣ್ಣದ ಬಿಳಿ, ಬುಡದಲ್ಲಿ ಕೆಸರು ಸಿಡಿದ ಕಲೆ. ನಮ್ಮ ಬಣ್ಣದ ಮೇಜಿನ ಹೆಣ್ಣುಮಕ್ಕಳು ಇದನ್ನು ಪದರ ಪದರವಾಗಿ ಕಟ್ಟುತ್ತಾರೆ. ಒಂದು ಪದರ ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲ. ಇಷ್ಟು ಚೆಂದದ ಕೆಲಸವನ್ನು ಈ ದೇಶದಲ್ಲಿ ಮಾಡುವವರು ತೀರಾ ಕಡಿಮೆ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಆ ಕೆಲಸಕ್ಕೆ ನ್ಯಾಯವಾದ ಕೂಲಿ ಸೇರಿಸಿದರೆ ಬೆಲೆ ನಿಮಗೆ ಎಟುಕುವುದಿಲ್ಲ. ಸೇರಿಸದಿದ್ದರೆ ಅವರಿಗೆ ಅನ್ಯಾಯ. ಇಷ್ಟು ವರ್ಷ ಇವೆರಡರ ನಡುವೆ ನಮ್ಮ ಕೈಯಿಂದಲೇ ತುಂಬುತ್ತಾ ಬಂದೆವು. ಇನ್ನು ಆಗುವುದಿಲ್ಲ.

ಎರಡನೆಯ ಕಾರಣ ಕೊರಿಯರ್. ಇದನ್ನೂ ನಮ್ಮ ತಲೆಗೇ ಕಟ್ಟುತ್ತಿದ್ದೀರಿ, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇವೆ. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ ಲೆಕ್ಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಸಿದ್ಧ ಸ್ಟೇಷನ್ನನ್ನು ಸುತ್ತ ಸ್ಪಂಜು ಕೊಟ್ಟು ಕಟ್ಟಿದರೆ ಡಬ್ಬಿ 50, 30, 25 ಸೆಂಟಿಮೀಟರ್ ಆಗುತ್ತದೆ. ಒಳಗಿನ ಸಾಮಾನು ಒಂದು ಕಿಲೋ ಕೂಡ ಇರುವುದಿಲ್ಲ, ಬಿಲ್ಲು ಮಾತ್ರ ಏಳೂವರೆ ಕಿಲೋಗೆ. ಅದೇ ಸ್ಟೇಷನ್ ಬಿಡಿ ಭಾಗಗಳಾಗಿ ಚಪ್ಪಟೆ ಡಬ್ಬಿಯಲ್ಲಿ ಹೋದರೆ 35, 25, 4. ಮುಕ್ಕಾಲು ಕಿಲೋ ಸಹ ಆಗುವುದಿಲ್ಲ. "ಸಾಗಾಣಿಕೆಯಲ್ಲೂ ಲಾಭ ಹೊಡೆಯುತ್ತಾರೆ" ಎಂದವರಿಗೆ ಇದು ನಮ್ಮ ಉತ್ತರ. ಅಷ್ಟು ಕೊಟ್ಟರೂ ದಾರಿಯಲ್ಲಿ ಸಿಗ್ನಲ್ ಕಂಬ ಮುರಿದು, ನೀರಿನ ಕೊಳವೆ ಕಿತ್ತು ತಲುಪಿದ ಕಟ್ಟಡಗಳನ್ನು ನಾವು ಮರುಮಾತಿಲ್ಲದೆ ಮತ್ತೆ ಮಾಡಿಕೊಟ್ಟಿದ್ದೇವೆ. ಆ ಖರ್ಚನ್ನು ಯಾರೂ ನಮಗೆ ತುಂಬಿಕೊಟ್ಟಿಲ್ಲ.

ಇನ್ನೊಂದು ಆರೋಪವೂ ಇದೆ. ಹೊರದೇಶದ ಕಿಟ್‌ಗಳು ತುಟ್ಟಿಯಾದದ್ದನ್ನೇ ನೆಪ ಮಾಡಿಕೊಂಡು ನಾವೂ ಬೆಲೆ ಏರಿಸಿದೆವಂತೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ್ದು ನಿಜ, ಮಾದರಿ ರೈಲುಗಳೂ ಆ ಗುಂಪಿನಲ್ಲೇ ಬರುತ್ತವೆ. ಆದರೆ ನಮ್ಮ ಹಳೆಯ ಬಿಲ್ಲುಗಳು ನಿಮ್ಮ ಬಳಿಯೇ ಇವೆ, ತೆಗೆದು ನೋಡಿ. ಆ ಎರಡು ಸಲವೂ ನಾವು ಒಂದು ರೂಪಾಯಿ ಏರಿಸಿಲ್ಲ. ಈಗ ಕಿಟ್ ಬೆಲೆ ಏರಲು ಕಾರಣ ಒಂದೇ: ಗೋಡೆಗಳಿಗೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬಿಟ್ಟು ಬರ್ಚ್ ಪ್ಲೈವುಡ್ ಹಾಕುತ್ತಿದ್ದೇವೆ. ಮಂಗಳೂರು, ಉಡುಪಿ, ಕಾರವಾರದ ಗ್ರಾಹಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಷಾಢದ ತೇವಕ್ಕೆ ಎಂಡಿಎಫ್ ಅಂಚು ಉಬ್ಬಿ, ಮೂಲೆಯ ಜೋಡಣೆ ಬಾಯಿ ಬಿಡುತ್ತದೆ. ಪ್ಲೈವುಡ್ ತುಟ್ಟಿ, ಆದರೆ ಅಷ್ಟು ಅಲುಗುವುದಿಲ್ಲ.

ಹೊರದೇಶದ ಕಿಟ್‌ಗಳ ಬಗ್ಗೆ ನಾವು ಹಗುರವಾಗಿ ಮಾತಾಡುವವರಲ್ಲ. ಫಾಲರ್‌ನಂಥ ಜರ್ಮನ್ ಕಂಪನಿಗಳ ಅಚ್ಚುಗಳನ್ನು ನೋಡಿಯೇ ನಾವು ಕೆಲಸ ಕಲಿತದ್ದು. ಆದರೆ ಹಿಮ ಜಾರಲೆಂದು ಮಾಡಿದ ಆ ಕಡಿದಾದ ಮಾಡು ನಮ್ಮ ಘಾಟಿಯ ಎಡಕುಮೇರಿ ಸ್ಟೇಷನ್ನಿಗೆ ಹೊಂದುವುದಿಲ್ಲ. ನಮ್ಮ ಕಟ್ಟಡಕ್ಕೆ ಗೋಡೆ ನೆನೆಯದಂತೆ ಮುಂದಕ್ಕೆ ಚಾಚಿದ ಸೂರು ಬೇಕು. ಪ್ಲಾಟ್‌ಫಾರ್ಮ್ ಕೂಡ ಹೊಂದುವುದಿಲ್ಲ. ನಮ್ಮ ಬೋಗಿಗಳು ಸುಮಾರು 3.24 ಮೀಟರ್ ಅಗಲ, ಯುರೋಪಿನವಕ್ಕಿಂತ ದೊಡ್ಡವು. ಎತ್ತರದ ಪ್ಲಾಟ್‌ಫಾರ್ಮಿನ ಅಂಚು ಹಳಿಯ ನಡುವಿನಿಂದ 1.68 ಮೀಟರ್ ದೂರವಿರಬೇಕು, ಅಂದರೆ ನಮ್ಮ ಅಳತೆಯಲ್ಲಿ 19.3 ಮಿಲಿಮೀಟರ್. ತಿರುವಿನಲ್ಲಿ ಇನ್ನೂ ಜಾಸ್ತಿ. ಜರ್ಮನ್ ಪ್ಲಾಟ್‌ಫಾರ್ಮನ್ನು ಅದರ ಡಬ್ಬಿಯಲ್ಲಿ ಬರೆದಂತೆ ಕೂರಿಸಿದ ಎಷ್ಟೋ ಜನ ಬೋಗಿ ಉಜ್ಜುತ್ತದೆಂದು ನಮ್ಮ ಬಳಿಯೇ ಬಂದಿದ್ದೀರಿ. ಹೊಸ ಕಿಟ್‌ಗಳಲ್ಲಿ ಈ ದೂರ ಗುರುತು ಮಾಡಿಕೊಳ್ಳಲು ಮರದ ಒಂದು ಅಳತೆಪಟ್ಟಿ ಇಟ್ಟಿದ್ದೇವೆ, ಅದಕ್ಕೆ ಬೇರೆ ದುಡ್ಡಿಲ್ಲ.

"ನಮಗೆ ಬಣ್ಣ ಹಚ್ಚೋಕೆ ಬರೋದಿಲ್ಲ" ಎನ್ನುವವರು ದಯವಿಟ್ಟು ಹೆದರಬೇಡಿ. ಗೋಡೆ ಜೋಡಿಸುವ ಮೊದಲೇ ಮ್ಯಾಟ್ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ಹೊಳಪಿಲ್ಲದ ಪದರ) ಹೊಡೆಯಿರಿ. ಮಾಡಿಗೆ ಮಂಕು ಇಟ್ಟಿಗೆ ಬಣ್ಣದ ಅಕ್ರಿಲಿಕ್ ಹಚ್ಚಿ ಒಣಗಿಸಿ. ಆಮೇಲೆ ಕಪ್ಪು ಮತ್ತು ಕಂದನ್ನು ನೀರಿನಲ್ಲಿ ಚಹಾದಷ್ಟು ತೆಳ್ಳಗೆ ಕಲಸಿ ಮೇಲೆಲ್ಲ ಹರಿಸಿ, ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ಮಳೆನೀರು ಇಳಿಯುವ ದಿಕ್ಕಿನಲ್ಲೇ ಕಲೆ ಉಳಿಯುತ್ತದೆ. ಕೊನೆಗೆ ಬ್ರಷ್ಷಿನ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಹೆಚ್ಚುಕಡಿಮೆ ಒಣ ಬ್ರಷ್ಷಿನಿಂದಲೇ ಹೆಂಚಿನ ಅಂಚುಗಳನ್ನು ಸವರಿ. ಕಿಟಕಿಯ ಗಾಜಿಗೆ ಫೆವಿಕ್ವಿಕ್ ಹಾಕಬೇಡಿ, ಅದರ ಹೊಗೆಗೆ ಗಾಜು ಬೆಳ್ಳಗಾಗುತ್ತದೆ. ಬಿಳಿ ಫೆವಿಕಾಲ್ ಸಾಕು. ಗುಡ್ಡಕ್ಕೆ ಥರ್ಮೋಕೋಲ್ ಜಾತಿಯ ಫೋಮ್ ಬಳಸಿದ್ದರೆ ಅದರ ಮೇಲೆ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ, ಫೋಮ್ ಕರಗಿ ಹಳ್ಳ ಬೀಳುತ್ತದೆ.

ಜಲ್ಲಿ, ಕೆಂಪು ಮಣ್ಣು, ಹುಲ್ಲು, ಮರಗಳಲ್ಲಿ ಯಾವ ಬದಲಾವಣೆಯೂ ಇಲ್ಲ, ಬೆಲೆಯೂ ಹಳೆಯದೇ. ಜಲ್ಲಿ ಎಂದಿನಂತೆ ನಾವೇ ಎಂ-ಸ್ಯಾಂಡ್ ಜರಡಿ ಹಿಡಿದದ್ದು. ರೈಲ್ವೆಯ 65 ಮಿಲಿಮೀಟರ್ ಕಲ್ಲು ನಮ್ಮ ಅಳತೆಯಲ್ಲಿ ಮುಕ್ಕಾಲು ಮಿಲಿಮೀಟರ್. ಅದಕ್ಕಿಂತ ದಪ್ಪನೆಯದು ಹಳಿಯ ಪಕ್ಕದಲ್ಲಿ ಬಂಡೆಯಂತೆ ಕಾಣುತ್ತದೆ. ಅಂಟಿಸುವಾಗ ಫೆವಿಕಾಲ್ ಮತ್ತು ನೀರು ಸಮಸಮ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಡ್ರಾಪರಿನಿಂದ ಬಿಟ್ಟು ಇಡೀ ರಾತ್ರಿ ಮುಟ್ಟಬೇಡಿ. ಅಡಿಕೆ ಮರಗಳು ಸಿದ್ಧವಾಗಿಯೇ ಸಿಗುತ್ತವೆ. ಹದಿನೈದು ಮೀಟರಿನ ಮರ 17 ಸೆಂಟಿಮೀಟರ್, ಮಲಗಿಸಿ ಕಳಿಸಬಹುದು, ಗರಿಯೂ ಮುರಿಯುವುದಿಲ್ಲ.

ಬಣ್ಣದ ಮೇಜಿನವರನ್ನು ಕೆಲಸದಿಂದ ತೆಗೆದಿರಾ ಎಂದು ಈಗಾಗಲೇ ಕೆಲವರು ಕೇಳಿದ್ದೀರಿ. ಕೇಳಿದ್ದಕ್ಕೆ ಸಂತೋಷ. ಯಾರನ್ನೂ ತೆಗೆದಿಲ್ಲ. ಹೊಸ ಮಾದರಿಗಳ ಮೂಲಕಟ್ಟಡ ಮಾಡುವುದು, ಮುರಕಲ್ಲಿನ ಅಚ್ಚು ತಿದ್ದುವುದು ಅವರದೇ ಕೆಲಸ. ಭಾನುವಾರ ಮಧ್ಯಾಹ್ನ ಕಾರ್ಯಾಗಾರಕ್ಕೆ ನಿಮ್ಮ ಕಿಟ್ ಹಿಡಿದು ಬಂದರೆ ಅವರೇ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಶುಲ್ಕ ಇಲ್ಲ. ಬಣ್ಣ, ಬ್ರಷ್ಷು ನಮ್ಮವೇ. ಮಕ್ಕಳನ್ನೂ ಕರೆತನ್ನಿ.

ಮುಂಗಡ ಕೊಟ್ಟವರ ಕಟ್ಟಡಗಳನ್ನು ಒಪ್ಪಿದ ಬೆಲೆಗೇ, ಬಣ್ಣ ಹಚ್ಚಿಯೇ ಕೊಡುತ್ತೇವೆ. ಕೆಲವು ತಡವಾಗಿವೆ, ನಿಮ್ಮ ತಾಳ್ಮೆಗೆ ಋಣಿಗಳು. ಇಷ್ಟರತನಕ ಮಾರಿದ ಯಾವ ಕಟ್ಟಡಕ್ಕೇ ಆಗಲಿ ಒಂದು ಕಿಟಕಿ, ಒಂದು ಮೆಟ್ಟಿಲು, ನೆತ್ತಿಯ ಒಂದು ಹೆಂಚು ಬೇಕೆಂದರೂ ಫೋಟೊ ಕಳಿಸಿ, ಅದೊಂದನ್ನೇ ಮಾಡಿ ಕಳಿಸುತ್ತೇವೆ. ಕೈ ನಡುಗುವ, ಕಣ್ಣು ಮಂಜಾದ ಹಿರಿಯ ಗ್ರಾಹಕರಿಗೆ ಈ ಹೊಸ ನಿಯಮ ಅನ್ವಯಿಸುವುದಿಲ್ಲ. ನಿಮ್ಮಲ್ಲಿ ಹಲವರು ರೈಲ್ವೆಯಲ್ಲೇ ದುಡಿದು ಬಂದವರು; ನಮ್ಮ ಕಟ್ಟಡಗಳಲ್ಲಿ ಕ್ಯಾಬಿನ್ನಿನ ಲಿವರ್‌ಗಳಿಂದ ಹಿಡಿದು ಬೆಂಕಿಯ ಬಕೆಟ್ ನೇತುಹಾಕುವ ಜಾಗದವರೆಗೆ ಸರಿಯಾಗಿರುವುದು ನೀವು ಹೇಳಿಕೊಟ್ಟದ್ದರಿಂದ. ನಿಮಗೆ ಬೇಕಾದ್ದನ್ನು ನಾವೇ ಜೋಡಿಸಿ, ಬಣ್ಣ ಹಚ್ಚಿ ಇಡುತ್ತೇವೆ, ಕಿಟ್‌ನ ಬೆಲೆ ಕೊಟ್ಟರೆ ಸಾಕು. ಕೊರಿಯರ್‌ಗೆ ಮಾತ್ರ ಕೊಡುವುದಿಲ್ಲ. ಮನೆಯವರು ಯಾರಾದರೂ ಬಂದು ಕೈಯಲ್ಲಿ ಒಯ್ಯಬೇಕು.

ಕಪಾಟಿನಲ್ಲಿ ಉಳಿದಿರುವ ಸಿದ್ಧ ಕಟ್ಟಡಗಳನ್ನು ದೀಪಾವಳಿಯವರೆಗೆ ಹಳೆಯ ಬೆಲೆಗೇ ಮಾರುತ್ತೇವೆ. ಬರುವ ಮುನ್ನ ಒಂದು ಫೋನ್ ಮಾಡಿ, ನಿಮ್ಮ ಹೆಸರಿಗೆ ತೆಗೆದಿಡುತ್ತೇವೆ.

ಇತಿ ನಿಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಎಲ್ಲರ ಪರವಾಗಿ