ಕೈಗೆ ಸೀಲ್ ಬಿದ್ದ ಮನೆಯ ಮಕ್ಕಳ ಬಗ್ಗೆ

ದಾವಣಗೆರೆ
21 ಮಾರ್ಚ್ 2020

ಪ್ರಿಯ ಪೋಷಕರೇ,

ನಮಸ್ಕಾರ. ಶಾಲೆ ಯಾವಾಗ ತೆಗೆಯುತ್ತೀರಿ, ಪರೀಕ್ಷೆ ಕಥೆ ಏನು ಎಂದು ದಿನವೂ ಕೇಳುತ್ತಿದ್ದೀರಿ. ಸರ್ಕಾರದ ಆದೇಶ ಬಂದ ಕೂಡಲೇ ತಿಳಿಸುತ್ತೇನೆ. ಈ ಪತ್ರ ಬೇರೆ ವಿಷಯಕ್ಕೆ.

ನಮ್ಮ ಶಾಲೆಯ ಎರಡು ಮನೆಯವರು ಮೊನ್ನೆ ಹೊರದೇಶದಿಂದ ಬಂದಿದ್ದಾರೆ. ಕೊರೊನಾ ಹರಡಬಾರದೆಂದು ಅವರ ಎಡಗೈ ಮೇಲೆ ಸರ್ಕಾರದ ಸೀಲ್ ಬಿದ್ದಿದೆ. 14 ದಿನ ಮನೆಯಿಂದ ಹೊರಗೆ ಬರುವಂತಿಲ್ಲ. ನಿನ್ನೆ ಅವರಲ್ಲೊಬ್ಬ ತಾಯಿ ಫೋನ್ ಮಾಡಿ ಅತ್ತರು. ಹಾಲು ಹಾಕುವವರು ಬರುವುದನ್ನೇ ಬಿಟ್ಟಿದ್ದಾರೆ. ಮಗನ ಹುಟ್ಟುಹಬ್ಬಕ್ಕೆ ಗೆಳೆಯರೊಬ್ಬರೂ ಫೋನ್ ಮಾಡಲಿಲ್ಲ. ಅವರ ಮನೆ ಬಾಗಿಲಿನ ಫೋಟೋ ಮಾತ್ರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಅದನ್ನು ಅಳಿಸಿ. "ನಾವೇನು ತಪ್ಪು ಮಾಡಿದ್ವಿ ಮೇಡಂ?" ಎಂದರು. ನನಗೆ ಮಾತೇ ಹೊರಡಲಿಲ್ಲ.

2003ರಲ್ಲಿ ನಮ್ಮ ಯಜಮಾನರ ಕೆಲಸದಿಂದಾಗಿ ಹಾಂಗ್‌ಕಾಂಗ್‌ನಲ್ಲಿದ್ದೆವು. ಸಾರ್ಸ್ ಬಂತು. ಅದೂ ಕೊರೊನಾ ಜಾತಿಯ ವೈರಸ್ಸೇ. ಮಾರ್ಚ್ ಕೊನೆಗೆ ಶಾಲೆಗಳು ಮುಚ್ಚಿದವು, ಚಿಕ್ಕ ಮಕ್ಕಳು ಮತ್ತೆ ಕ್ಲಾಸಿಗೆ ಹೋಗುವಷ್ಟರಲ್ಲಿ ಮೇ ಬಂದಿತ್ತು. ಆ ಕಾಯಿಲೆಗೆ ಅಲ್ಲಿ 299 ಜನ ತೀರಿಕೊಂಡರು. ಅಮ್ಮ ಇಲ್ಲಿಂದ ಫೋನ್ ಮಾಡಿ "ಸುಮ್ನೆ ಹೊರಟು ಬಂದ್ಬಿಡ್ರಿ" ಅನ್ನುತ್ತಿದ್ದರು. ಕೆಲಸ ಬಿಟ್ಟು ಹಾಗೆ ಬರೋಕಾಗುತ್ತಾ?

ಮಗಳು ಆಗ ಎರಡನೇ ಕ್ಲಾಸು. ಅವಳ ಟೀಚರ್ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದರು. ಜ್ವರ ಇದೆಯಾ, ನಿನ್ನೆ ಏನು ಓದಿದೆ, ಇಷ್ಟೇ ಕೇಳುವುದು. ಎರಡು ನಿಮಿಷದ ಆ ಮಾತಿಗಾಗಿ ಇವಳು ಯೂನಿಫಾರ್ಮ್ ಹಾಕಿ, ಜಡೆ ಹಾಕಿಸಿಕೊಂಡು ಫೋನಿನ ಪಕ್ಕ ಕಾದು ಕೂರುತ್ತಿದ್ದಳು. ಎದುರು ಮನೆಯ ಅಜ್ಜಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಕಿತ್ತಳೆ ಹಣ್ಣಿನ ಚೀಲವನ್ನು ನಮ್ಮ ಬಾಗಿಲ ಹಿಡಿಗೆ ಸಿಕ್ಕಿಸಿ, ಬೆಲ್ ಒತ್ತಿ, ತಮ್ಮ ಬಾಗಿಲಿಗೆ ಹೋಗಿ ನಿಂತು ಕೈ ಬೀಸುತ್ತಿದ್ದರು.

ಕಾಯಿಲೆ ಪೂರ್ತಿ ನಿಂತ ಮೇಲೆ, ಜುಲೈನಲ್ಲಿ ಊರಿಗೆ ಬಂದೆವು. ನಮ್ಮವರೇ ಹೊಸ್ತಿಲಾಚೆ ನಿಂತು ಮಾತಾಡಿಸಿ ಹೊರಟರು. ಅವತ್ತು ರಾತ್ರಿ ಮಗಳು ಕೇಳಿದಳು: "ಅಮ್ಮಾ, ನನ್ನ ಮೈ ವಾಸನೆ ಬರುತ್ತಾ?"

ಈಗ ಆ ಮನೆಗಳಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಹೋಗಬಾರದು. ದೂರ ಇರಲೇಬೇಕು, ಸೋಪಿನಲ್ಲಿ ಕೈ ತೊಳೆಯಲೇಬೇಕು. ಜ್ವರ, ಕೆಮ್ಮು ಬಂದರೆ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಆದರೆ ಹಾಲು, ತರಕಾರಿ ಗೇಟಿನ ಹತ್ತಿರ ಇಟ್ಟು ಬರಬಹುದಲ್ವಾ? ನಿಮ್ಮ ಮಕ್ಕಳಿಗೆ ಆ ಗೆಳೆಯರು ಯಾರೆಂದು ಗೊತ್ತೇ ಇದೆ. ಒಂದು ಫೋನ್ ಮಾಡಿಸಿ. ಸೋಮವಾರದಿಂದ ನಮ್ಮ ಟೀಚರ್‌ಗಳೂ ಪ್ರತಿ ಮಗುವಿಗೆ ಫೋನ್ ಮಾಡುತ್ತಾರೆ.

ಇನ್ನು ಕೆಲವು ಮಕ್ಕಳ ಅಪ್ಪಂದಿರು ದುಬೈ, ಮಸ್ಕತ್‌ನಲ್ಲೇ ಇದ್ದಾರೆ. ನಾಳೆಯಿಂದ ಒಂದು ವಾರ ಹೊರದೇಶದ ವಿಮಾನಗಳು ಇಲ್ಲಿ ಇಳಿಯುವುದಿಲ್ಲ. ಬುಧವಾರದ ಯುಗಾದಿಗೆ ಅವರು ಬರುವುದಿಲ್ಲ. ಅಂಥ ಮಕ್ಕಳಿರುವ ಮನೆಯವರು, ಏನೇ ಬೇಕಿದ್ದರೂ ನನಗೆ ಹೇಳಿ. ನನ್ನ ನಂಬರ್ ಡೈರಿಯ ಮೊದಲ ಪುಟದಲ್ಲಿದೆ. ರಾತ್ರಿಯಾದರೂ ಪರವಾಗಿಲ್ಲ.

ಇಂತಿ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ