ಗೂಡು ಅಂಟಿಸಿದರೆ ಅದು ಚಿತ್ರ ಅಲ್ವಾ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಯ ಸುದ್ದಿ ಬಂದಿತ್ತು. ಫೋಟೊದಲ್ಲಿ ಬಹುಮಾನ ಗೆದ್ದ ಮೂವರು ಮಕ್ಕಳು ತಮ್ಮ ತಮ್ಮ ಚಿತ್ರ ಹಿಡಿದು ನಿಂತಿದ್ದರು. ಮೂರರಲ್ಲೂ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ಹೆಂಚಿನ ಮನೆ. ಮಕ್ಕಳನ್ನು ಆಡಿಕೊಳ್ಳುತ್ತಿಲ್ಲ. ಹಾಗೆ ಬರೆಯಲು ಕಲಿಸಿದವರು ನಾವೇ, ಡ್ರಾಯಿಂಗ್ ಟೀಚರ್‌ಗಳು. ನಾನು ಬರೆಯುತ್ತಿರುವುದು ಆ ಫೋಟೊದಲ್ಲಿ ಇಲ್ಲದ ನಾಲ್ಕನೇ ಚಿತ್ರದ ಬಗ್ಗೆ.

ಅವತ್ತು ನಾನೂ ಆ ಹಾಲ್‌ನಲ್ಲಿದ್ದೆ. ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. (ಅವನೂ ಬೆಟ್ಟ, ಸೂರ್ಯನನ್ನೇ ಬರೆದ. ಬಹುಮಾನ ಬರಲಿಲ್ಲ.) ವಿಷಯ ‘ನಮ್ಮ ಊರು’. ಶಿಡ್ಲಘಟ್ಟದ ಕಡೆಯಿಂದ ಬಂದ ಎಂಟನೇ ಕ್ಲಾಸಿನ ಒಬ್ಬ ಹುಡುಗಿ, ರೇಷ್ಮೆ ನೂಲು ತೆಗೆಯುವ ಹೆಂಗಸಿನ ಎರಡು ಕೈ ಬರೆದಿದ್ದಳು. ಬರೀ ಕೈ, ಮುಖ ಇಲ್ಲ. ರೇಷ್ಮೆ ಗೂಡು ಬೇಯಿಸುವ ಬೇಸಿನ್ನಿನ ನೀರಿಗೆ ಟೀ ಡಿಕಾಕ್ಷನ್ ಬಳಿದಿದ್ದಳು. ಅದರ ಮೇಲೆ ಕತ್ತರಿಸಿದ ಗೂಡಿನ ಚೂರುಗಳು. ತೋರುಬೆರಳಿನ ತುದಿಯಿಂದ ನಿಜವಾದ ರೇಷ್ಮೆ ಎಳೆಯೊಂದು ಹೊರಟು, ಹಾಳೆಯ ಅಂಚು ದಾಟಿ ಕೆಳಗೆ ನೇತಾಡುತ್ತಿತ್ತು.

“ಇದು ಕ್ರಾಫ್ಟ್ ಅಮ್ಮಾ, ಡ್ರಾಯಿಂಗ್ ಅಲ್ಲ” ಎಂದು ತೀರ್ಪುಗಾರರೊಬ್ಬರು ಅದನ್ನು ಪಕ್ಕಕ್ಕಿಟ್ಟರು. ನಿಯಮದ ಹಾಳೆಯಲ್ಲಿ ‘ಜಲವರ್ಣ, ಪೋಸ್ಟರ್ ಕಲರ್, ಕ್ರೆಯಾನ್ ಮಾತ್ರ’ ಎಂದು ಇದ್ದದ್ದು ನಿಜ. ಹುಡುಗಿ ಅಳಲಿಲ್ಲ. ಸುಮ್ನೆ ಹಾಳೆ ಸುತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಳು.

ನಾನು ರೀಲರ್ ಮಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರ ಮಗಳು. ನಮ್ಮ ಮನೆಯ ಹಿಂದೆಯೇ ಚರಕ ಇತ್ತು. ದಿನವಿಡೀ ಬಿಸಿನೀರಿನಲ್ಲಿ ಆಡಿದ ಬೆರಳು ಹೇಗಿರುತ್ತದೆ ಎಂದು ಗೊತ್ತು. ತುದಿ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತದೆ, ಉಗುರಿನ ಪಕ್ಕ ಚರ್ಮ ಬಿರಿದಿರುತ್ತದೆ. ಆ ಹುಡುಗಿ ಅದನ್ನು ಪೆನ್ಸಿಲ್ಲಿನಲ್ಲಿ ಅಷ್ಟೇ ಸರಿಯಾಗಿ ಬರೆದಿದ್ದಳು. ನೋಡಿ ಬರೆಯದೆ ಅದು ಬರುವುದಿಲ್ಲ. ಡ್ರಾಯಿಂಗ್ ಎಂದರೆ ಅದೇ ತಾನೆ? ತೀರ್ಪುಗಾರರ ಕಣ್ಣು ಮಾತ್ರ ಅಂಟಿನ ಮೇಲೇ ನಿಂತಿತು.

ನಾನು ಡ್ರಾಯಿಂಗ್ ಟೀಚರ್ ಕೋರ್ಸ್ ಡಿ.ಎಂ.ಸಿ. ಮುಗಿಸಿ 29 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಕಲಿಸಿದೆ. ಸೇರಿದಾಗ ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, ವರ್ಗಾವಣೆ ಇಲ್ಲದೆ ಕೂತಲ್ಲೇ ಜಿಲ್ಲೆ ಬದಲಾಯಿಸಿದೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದು, ಆಗಸ್ಟ್ 15ಕ್ಕೆ ಕರಿಹಲಗೆಯ ಮೇಲೆ ಬಣ್ಣದ ಚಾಕ್‌ನಲ್ಲಿ ಬರೆಯುವುದು, ಹತ್ತನೇ ಕ್ಲಾಸಿನ ನನ್ನ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕೇಳಿದಾಗ ಬಿಟ್ಟುಕೊಡುವುದು, ಇದೇ ನೌಕರಿ.

ಬಣ್ಣ ಬಿಟ್ಟು ಬೇರೆ ಸಾಮಾನಿಗೆ ಕೈ ಹಾಕಿದ್ದು ದೊಡ್ಡ ಪ್ರಯೋಗ ಮಾಡಬೇಕು ಅಂತಲ್ಲ. ಅರ್ಧ ಕ್ಲಾಸಿನ ಹತ್ತಿರ ಬಣ್ಣದ ಡಬ್ಬಿಯೇ ಇರುತ್ತಿರಲಿಲ್ಲ. ರೇಟು ಬಿದ್ದಾಗ ರೈತರು ಚೆಂಡು ಹೂವನ್ನು ರಸ್ತೆ ಪಕ್ಕ ಸುರಿದು ಹೋಗುವುದನ್ನು ನೀವೂ ನೋಡಿರುತ್ತೀರಿ. ಒಂದು ಚೀಲ ಹೂ ತಂದು, ಸ್ವಲ್ಪ ಪಟಿಕ (ಆಲಮ್) ಹಾಕಿ ಕುದಿಸಿದೆವು. ಒಳ್ಳೆಯ ಹಳದಿ ಬಂತು. ತುಕ್ಕು ಹಿಡಿದ ಮೊಳೆ ನೆನೆಸಿದ ನೀರನ್ನು ಅದಕ್ಕೆ ನಾಲ್ಕು ಚಮಚ ಹಾಕಿದ ಕೂಡಲೇ ಹಳದಿ ಹೋಗಿ ಪಾಚಿ ಹಸಿರಾಯಿತು. ಕ್ಲಾಸು ಕಿರುಚಿದ ಸದ್ದಿಗೆ ಹೆಡ್‌ಮಾಸ್ಟರ್ ಓಡಿ ಬಂದರು. ಆಮೇಲೆ ಕೆಮ್ಮಣ್ಣು, ಇದ್ದಿಲು, ರಾಗಿ ಹೊಟ್ಟು, ಹಳೇ ಪೇಪರು, ಕೊನೆಗೆ ನಮ್ಮ ಮನೆಯ ಗೂಡು.

ನನ್ನ ಸ್ವಂತ ಕೆಲಸವೂ ಅಲ್ಲಿಂದಲೇ ಬೆಳೆಯಿತು. ಒಂದು ಉದಾಹರಣೆ ಹೇಳುತ್ತೇನೆ. ಹಳದಿ ಗೂಡನ್ನು ಸೋಪು, ಸೋಡಾ ಹಾಕಿ ಕುದಿಸಿದರೆ ಬೆಳ್ಳಗಾಗುತ್ತದೆ. ಹಳದಿ ಹೆಚ್ಚಾಗಿ ಇರುವುದು ಹುಳ ಎಳೆಯ ಮೇಲೆ ಬಿಡುವ ಅಂಟಿನಲ್ಲಿ, ಎಳೆಯಲ್ಲಲ್ಲ. ಅಪ್ಪನಿಗೆ ಇದು ದಿನದ ಮಾತು. ನನಗೆ ಮಾತ್ರ ಅದು ಎರಡು ವರ್ಷದ ಕೆಲಸವಾಯಿತು. ಒಂದೇ ಹಲಗೆಯ ಮೇಲೆ ಅರ್ಧ ಕುದಿಸಿದ ಗೂಡು, ಅರ್ಧ ಹಸಿ ಗೂಡು, ನಡುವೆ ಇದ್ದಿಲಿನ ಗೆರೆ. ಅಂಟಿಗೆ ಮೈದಾ ಗಂಜಿ ಕಾಯಿಸಿ, ಜಿರಳೆ ಬಾರದಂತೆ ಚಿಟಿಕೆ ಮೈಲುತುತ್ತ ಹಾಕುತ್ತೇನೆ. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಅವರಿಗೆ ಫೆವಿಕಾಲ್ ಸಾಕು.

ಫಜೀತಿಯನ್ನೂ ಹೇಳಿಬಿಡುತ್ತೇನೆ. 1998ರಲ್ಲಿ ಬೆಂಗಳೂರಿನ ಒಂದು ಗುಂಪು ಪ್ರದರ್ಶನಕ್ಕೆ ನನ್ನ ಎರಡು ಚಿತ್ರ ಹೋದವು. ಗೂಡನ್ನು ಬಿಸಿಲಲ್ಲಿ ಒಣಗಿಸುವುದು ಒಳಗಿನ ಹುಳ ಸಾಯಲಿ ಎಂದು. ಆದರೆ ಬಿಸಿಲಿಗೆ ಹಾಕಿದರೆ ಹಳದಿ ಮಂಕಾಗುತ್ತದೆ, ಅದು ಹಾಗೇ ಉಳಿಯಲಿ ಎಂಬ ಆಸೆಬುರುಕತನಕ್ಕೆ, ಒಣಗಿಸದ ಗೂಡನ್ನೇ ಇಡಿಯಾಗಿ ಅಂಟಿಸಿದ್ದೆ. ಒಂದು ವಾರದ ಪ್ರದರ್ಶನ, ಅಷ್ಟರಲ್ಲಿ ಏನಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಿತು. ನಾಲ್ಕನೇ ದಿನ ಹಾಲ್‌ನವರು ಫೋನ್ ಮಾಡಿದರು. ಚಿತ್ರದಿಂದ ಪತಂಗಗಳು ಹೊರಗೆ ಬಂದಿದ್ದವು. ರೇಷ್ಮೆ ಪತಂಗ ಹಾರುವುದಿಲ್ಲ, ರೆಕ್ಕೆ ಬಡಿಯುತ್ತಾ ತೆವಳುತ್ತದೆ. ತೆವಳಿಕೊಂಡು ಹೋಗಿ ಪಕ್ಕದವರ ಜಲವರ್ಣದ ಫ್ರೇಮಿನ ಮೇಲೆ ಸಾಲಾಗಿ ಮೊಟ್ಟೆ ಇಟ್ಟಿದ್ದವು. ನಾನು ಬಸ್ಸು ಹತ್ತಿ ಹೋಗಿ, ಎಲ್ಲರ ಕಾಲು ಹಿಡಿದು, ಚಿತ್ರವನ್ನು ಗೋಣಿಚೀಲದಲ್ಲಿ ಸುತ್ತಿ ತಂದೆ. “ರೀಲರ್ ಮನೇಲಿ ಹುಟ್ಟಿ ಗೂಡು ಒಣಗಿಸೋದು ಮರೆತ್ಯೇನೇ?” ಎಂದು ಅಪ್ಪ ಒಂದು ತಿಂಗಳು ನಗುತ್ತಿದ್ದರು. ಈಗ ಗೂಡು ಸೀಳಿ ಒಳಗಿನ ಹುಳ ತೆಗೆದೇ ಅಂಟಿಸುತ್ತೇನೆ. ಹುಳ ಪಕ್ಕದ ಮನೆಯ ಕೋಳಿಗೆ ಹೋಗುತ್ತದೆ.

ನಮ್ಮೂರಲ್ಲಿ ಒಮ್ಮೆ ಪ್ರದರ್ಶನ ಮಾಡಿದ್ದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಗೋಡೆಗೆ ಮೊಳೆ ಹೊಡೆಯಲು ಬಿಡಲಿಲ್ಲ. ಪರಿಚಯದ ರೈತರ ಮನೆಯಿಂದ ಎಂಟು ಚಂದ್ರಂಕಿ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ) ತಂದು ನಿಲ್ಲಿಸಿ, ಅದಕ್ಕೇ ಚಿತ್ರ ಕಟ್ಟಿದೆ. ಚಿತ್ರಕ್ಕಿಂತ ಚಂದ್ರಂಕಿಯೇ ಚೆನ್ನಾಗಿದೆ ಎಂದವರೂ ಇದ್ದರು. ಸುಳ್ಳಲ್ಲ.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲೂ ಮೂರು ಸಲ ಕೂತಿದ್ದೇನೆ. “ಇದು ಪೇಂಟಿಂಗಾ?” ಎಂದು ಎಲ್ಲರೂ ಮುಟ್ಟಿ ನೋಡುತ್ತಾರೆ. ಕೊಳ್ಳುವವರು ಕಡಿಮೆ. ಒಮ್ಮೆ ರಾಮನಗರದ ಒಬ್ಬ ಹಿರಿಯರು ಚಿತ್ರದ ಹತ್ತಿರ ಮೂಗು ತಂದು, “ಸಿ.ಬಿ. ಗೂಡು, ಅಲ್ವೇನಮ್ಮ?” ಎಂದರು. ಸಿ.ಬಿ. ಎಂದರೆ ಕ್ರಾಸ್ ಬ್ರೀಡ್, ಮಿಶ್ರ ತಳಿಯ ಗೂಡು. ಅಷ್ಟು ಚೆನ್ನಾಗಿ ನನ್ನ ಚಿತ್ರವನ್ನು ಬೇರೆ ಯಾರೂ ಓದಿಲ್ಲ.

ಈಗ ಆ ‘ಕ್ರಾಫ್ಟ್’ ಎಂಬ ಮಾತಿಗೆ ಬರುತ್ತೇನೆ. ಪಿಕಾಸೊ 1912ರಲ್ಲೇ, ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಮೇಜಿನ ಬಟ್ಟೆಯ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ, ಸುತ್ತಲೂ ಹಗ್ಗ ಕಟ್ಟಿದ. ಅದು ಈಗ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿದೆ. ಪ್ಯಾರಿಸ್ ದೂರವಾಯಿತು ಎಂದರೆ ಮೈಸೂರು ಇದೆಯಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಒಡವೆಯನ್ನು ಉಬ್ಬಾಗಿ ಎತ್ತಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದವರು ಗೊಂಬೆಗೆ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಎಲ್ಲ ಸೇರಿಸುತ್ತಾರೆ. ಕೈಗೆ ಸಿಕ್ಕಿದ್ದನ್ನು ಬೆರೆಸಿ ಮಾಡುವುದು ನಮ್ಮ ಕಡೆ ಹಳೆಯದು. ‘ಮಿಕ್ಸ್ಡ್ ಮೀಡಿಯಾ’ ಎಂಬ ಹೆಸರು ಮಾತ್ರ ಹೊಸದು.

ಸಂಘಟಕರ ಕಷ್ಟವೂ ನನಗೆ ಗೊತ್ತು. ನಾನೇ ಎಷ್ಟೋ ಸಲ ತೀರ್ಪು ಕೊಡಲು ಕೂತಿದ್ದೇನೆ. ‘ಏನು ಬೇಕಾದರೂ ಬಳಸಿ’ ಎಂದು ಬಿಟ್ಟರೆ ಅಂಗಡಿಯಿಂದ ತಂದ ಚಮಕಿ, ಸ್ಟಿಕರ್ರು, ಅಮ್ಮಂದಿರು ರಾತ್ರಿ ಕೂತು ಕತ್ತರಿಸಿಕೊಟ್ಟ ಥರ್ಮಾಕೋಲು ಬರುತ್ತದೆ. ದುಡ್ಡಿದ್ದವರ ಮಕ್ಕಳೇ ಗೆಲ್ಲುತ್ತಾರೆ. ಆ ಭಯಕ್ಕೇ ಮೂರು ಬಣ್ಣದ ನಿಯಮ ಹುಟ್ಟಿರಬೇಕು. ಆದರೆ ಆ ನಿಯಮಕ್ಕೆ ಮೊದಲು ಸಿಕ್ಕಿಬೀಳುವುದು ಬಣ್ಣದ ಡಬ್ಬಿ ಇಲ್ಲದ ಮಗುವೇ. ಈ ಹುಡುಗಿಯ ಚಿತ್ರದ ಖರ್ಚು ಎಷ್ಟು? ಒಂದು ಲೋಟ ಡಿಕಾಕ್ಷನ್, ಅಮ್ಮ ಕೆಲಸ ಮಾಡುವ ಕಡೆ ಕಸಕ್ಕೆ ಹೋಗುತ್ತಿದ್ದ ನಾಲ್ಕು ಗೂಡು.

ಹಾಗಾಗಿ ಸ್ಪರ್ಧೆ ನಡೆಸುವವರಿಗೆ ನನ್ನದೊಂದು ಸಣ್ಣ ಬೇಡಿಕೆ. ‘ಮಾತ್ರ’ ಎಂಬ ಪದ ತೆಗೆಯಿರಿ. ಅದರ ಜಾಗದಲ್ಲಿ ‘ಅಂಗಡಿಯಲ್ಲಿ ಕೊಂಡ ಅಲಂಕಾರದ ಸಾಮಾನು ಬೇಡ, ಮನೆಯ ಸುತ್ತ ಸಿಕ್ಕಿದ್ದು ಇರಲಿ, ಇಲ್ಲೇ ಕೂತು ಅಂಟಿಸಬೇಕು’ ಎಂದು ಬರೆಯಿರಿ. ಹಾಳೆಯ ಹಿಂದೆ ಏನೇನು ಬಳಸಿದೆ ಎಂದು ಮಗುವೇ ಎರಡು ಸಾಲು ಬರೆಯಲಿ. ಆಗ ಚಿಂತಾಮಣಿಯ ಮಗು ಒಂದು ತರುತ್ತದೆ, ಬಾಗೇಪಲ್ಲಿಯ ಮಗು ಇನ್ನೊಂದು ತರುತ್ತದೆ. ಮೂವರ ಚಿತ್ರದಲ್ಲೂ ಅದೇ ತೆಂಗಿನ ಮರ ಬರುವುದಾದರೂ ತಪ್ಪುತ್ತದೆ.

ಆ ಹಾಳೆ ಈಗ ನನ್ನ ಹತ್ತಿರ ಇದೆ. ಹಾಲ್ ಖಾಲಿಯಾಗುವಾಗ ಕೇಳಿದೆ. “ನಿಮಗ್ಯಾಕೆ ಮಿಸ್?” ಎಂದಳು. ಗೋಡೆಗೆ ಹಾಕಿಕೊಳ್ಳಲು ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕೊಟ್ಟಳು. ಗೂಡು ಕತ್ತರಿಸಿ, ಹುಳ ತೆಗೆದೇ ಅಂಟಿಸಿದ್ದಳು. ನನಗಿಂತ ಜಾಣೆ. ನಿಮ್ಮ ವರದಿಗಾರರು ಈ ಕಡೆ ಬಂದಾಗ ಮನೆಗೆ ಬಂದು ಅದರದ್ದೂ ಒಂದು ಫೋಟೊ ತೆಗೆದುಕೊಂಡು ಹೋಗಲಿ. ಫ್ಯಾನ್ ಆಫ್ ಮಾಡಿ ತೆಗೆಯಬೇಕು, ಇಲ್ಲದಿದ್ದರೆ ನೇತಾಡುವ ಆ ಎಳೆ ಫೋಟೊದಲ್ಲಿ ಕಾಣುವುದಿಲ್ಲ.

— ನಿವೃತ್ತ ಚಿತ್ರಕಲಾ ಶಿಕ್ಷಕಿ, ಚಿಕ್ಕಬಳ್ಳಾಪುರ